ಕಪ್ಪು ಪಟ್ಟಿ ಕಟ್ಟಿದ ಕನ್ನಡಿ

ಧರ್ಮಪುರದ ಕತ್ತಲೆಯನ್ನು ಕಂಡವರು ಬೇರೆ ಊರಿನ ಕತ್ತಲೆಯನ್ನು ಕತ್ತಲೆ ಎಂದೇ ಒಪ್ಪುವುದಿಲ್ಲ. ಹಿರಿಯೂರಿನಿಂದ ಬರುವ ಕೊನೆಯ ಬಸ್ಸಿನ ಬೆಳಕು ಊರ ಮುಂದೆ ಒಂದು ಮಾರು ಹೋಗಿ, ಹೆದರಿ, ಡ್ರೈವರನ ಕಾಲ ಬುಡಕ್ಕೆ ವಾಪಸು ಬಂದು ಕೂರುತ್ತಿತ್ತಂತೆ. ಶೇಂಗಾ ಹೊಲದ ಕಾವಲಿಗೆ ಮಲಗಿದವನು ಬೀಡಿ ಹಚ್ಚಿದರೆ ಗಡಿಯಾಚೆಯ ಆಂಧ್ರದವರು ಹೊಸ ನಕ್ಷತ್ರ ಹುಟ್ಟಿತೆಂದು ಕೈ ಮುಗಿಯುತ್ತಿದ್ದರಂತೆ. ಇದರಲ್ಲಿ ಅರ್ಧ ಸುಳ್ಳೆಂದು ತಳ್ಳಿಹಾಕಿದರೂ ಉಳಿದ ಅರ್ಧ ಕತ್ತಲೆ ಒಂದು ಹೋಬಳಿಗೆ ಧಾರಾಳವಾಗಿ ಸಾಕಾಗುತ್ತಿತ್ತು. ಆ ಕತ್ತಲೆಯ ಬೀಗದ ಕೈ ಇದ್ದದ್ದು ಲೈನ್‌ಮನ್ ಜಂಪಣ್ಣನ ಹತ್ತಿರ.

ಜಂಪಣ್ಣ ಹುಟ್ಟಿದ್ದು ಸ್ವಾತಂತ್ರ್ಯ ಬಂದ ವರ್ಷ. ಅಪ್ಪ ಕುರಿ ಮೇಯಿಸುತ್ತಿದ್ದ. ಮಗನೂ ಮೀಸೆ ಮೂಡುವವರೆಗೆ ಕುರಿಗಳ ಹಿಂದೆಯೇ ತಿರುಗಿದ. ಕರೆಂಟ್ ಕಂಬ ಹೂಳಲು ಬಂದವರ ಹತ್ತಿರ ಗುಂಡಿ ತೋಡುವ ಕೂಲಿಗೆ ಹೋದವನು, ಕಂಬ ಹತ್ತುವುದನ್ನು ಅವರಿಗಿಂತ ಚೆನ್ನಾಗಿ ಕಲಿತು ಕೆಲಸಕ್ಕೇ ಸೇರಿಕೊಂಡ. ಆತ ಹತ್ತುವ ವೇಗ ಎಂಥದ್ದೆಂದರೆ, ಯಜಮಾನ ತಮ್ಮನ್ನು ಬಿಟ್ಟುಹೋದನೆಂದು ಕೆಳಗಿನ ಚಪ್ಪಲಿಗಳಿಗೆ ಗೊತ್ತಾಗುವಷ್ಟರಲ್ಲಿ ಫ್ಯೂಸ್ ಕಟ್ಟಿ ಇಳಿದು ಮತ್ತೆ ಅವುಗಳೊಳಗೆ ಕಾಲಿಟ್ಟಿರುತ್ತಿದ್ದ. ಬೆಳಕು ಕೊಡುವ ಕೆಲಸಕ್ಕೆ ಸೇರಿದ ಮನುಷ್ಯ ಜಿಲ್ಲೆಯಲ್ಲೆಲ್ಲ ಹೆಸರಾದದ್ದು ಕತ್ತಲೆ ಕೊಡುವುದಕ್ಕೆ.

ಅದು ಶುರುವಾದದ್ದು ಹ್ಯಾಲಿ ಧೂಮಕೇತು ಬಂದ ವರ್ಷ. ದುರ್ಗದ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ ತಿಮ್ಮರಾಯಪ್ಪ ಮೇಷ್ಟ್ರು, ಹೊಸದುರ್ಗದಲ್ಲಿ ವಾಚ್ ರಿಪೇರಿ ಮಾಡುತ್ತಿದ್ದ ಕಾಟಪ್ಪ, ಮತ್ತೆ ಒಂದು ಜೀಪಿನ ತುಂಬ ಜನ, ಧೂಮಕೇತು ನೋಡಲು ಒಳ್ಳೆಯ ಕತ್ತಲೆ ಹುಡುಕುತ್ತ ಧರ್ಮಪುರಕ್ಕೆ ಬಂದರು. ಜೀಪಿನ ಮೇಲೆ ಫಿರಂಗಿಯಂಥ ಒಂದು ಟೆಲಿಸ್ಕೋಪು. ಸ್ಕೂಲಿನ ಬಯಲಿನಲ್ಲಿ ಅದನ್ನು ನಿಲ್ಲಿಸಿ ನೋಡಿದರೆ ಎದುರಿಗೇ ಬೀದಿ ದೀಪ. ಮೇಷ್ಟ್ರು ಜಂಪಣ್ಣನನ್ನು ಕರೆಸಿದರು.

“ಏನಪ್ಪ, ಈ ಬೀದಿ ದೀಪ ಸ್ವಲ್ಪ ಹೊತ್ತು ಆರಿಸೋಕಾಗ್ತೈತಾ?”

“ಒಂದು ದೀಪ ಯಾಕ್ರಿ ಮೇಷ್ಟ್ರೆ, ಹೋಬಳೀನೆ ಆರಿಸ್ತೀನಿ. ನಿಮಗೆಷ್ಟು ಕತ್ಲೆ ಬೇಕು ಹೇಳ್ರಿ.”

ಹೋಗಿ ಲೈನಿನ ಸ್ವಿಚ್ಚಿನ ಹ್ಯಾಂಡಲ್ ಎಳೆದ. ಊರಿಗೆ ಊರೇ ಬಾವಿಗೆ ಬಿದ್ದಂತಾಯಿತು. ಧೂಮಕೇತು ಕಂಡಿತು, ಸುಣ್ಣದ ಗೋಡೆಗೆ ಯಾರೋ ಒದ್ದೆ ಕೈ ಒರೆಸಿದ ಹಾಗೆ ಕಂಡಿತು. ಜಂಪಣ್ಣನಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಆತ ಬಗ್ಗಿ ನೋಡುತ್ತಿದ್ದದ್ದು ಕೊಳವೆಯ ತಳದಲ್ಲಿದ್ದ ಕನ್ನಡಿಯನ್ನು. ಊಟದ ತಟ್ಟೆಯಷ್ಟಗಲ, ನಡುವೆ ಒಂದಿಷ್ಟೇ ತಗ್ಗು.

“ಇದನ್ನ ಯಾರು ಮಾಡಿದ್ದು?”

“ನಾನೇ,” ಎಂದ ಕಾಟಪ್ಪ. “ಒಂದು ಗಾಜಿನ ಮೇಲೆ ಇನ್ನೊಂದು ಗಾಜಿಟ್ಟು ತಿಕ್ಕಿದ್ದು. ನಡುವೆ ಸಾಣೆ ಪುಡಿ, ನೀರು. ಅಷ್ಟೇಯ.”

“ಗಾಜಿಗೆ ಗಾಜು ತಿಕ್ಕಿದ್ರೆ ಆಕಾಶ ಹತ್ರಕ್ಕೆ ಬರ್ತೈತಾ?”

“ಬರ್ತೈತೆ. ಆದ್ರೆ ಅದು ಬರೋಕೆ ಮುಂಚೆ ನಿನ್ನ ರೆಟ್ಟೆ ಬಿದ್ದೋಗ್ತೈತೆ.”

ಆವತ್ತು ಹಿಡಿದ ಹುಚ್ಚು ಜಂಪಣ್ಣನನ್ನು ಮತ್ತೆ ಬಿಡಲಿಲ್ಲ.

ಮೇಷ್ಟ್ರು ಅದೇ ವರ್ಷ ತಾರಾ ಬಳಗ ಎಂದು ಒಂದು ಸಂಘ ಕಟ್ಟಿದರು. ವರ್ಷಕ್ಕೊಮ್ಮೆ ಶಿವರಾತ್ರಿಯ ದಿನ ಧರ್ಮಪುರದ ಸ್ಕೂಲಿನಲ್ಲಿ ಸೇರುವುದೆಂದು ಗೊತ್ತುಮಾಡಿದರು. ಶಿವರಾತ್ರಿಗೆ ಚಂದ್ರನ ಕಾಟವಿಲ್ಲ, ಮೋಡವಿಲ್ಲ, ನಿದ್ದೆಗೆಟ್ಟರೆ ಹೆಂಡಂದಿರು ಬೈಯುವ ಹಾಗೂ ಇಲ್ಲ. ದುರ್ಗದಿಂದ, ಹೊಳಲ್ಕೆರೆಯಿಂದ, ಹೊಸದುರ್ಗದಿಂದ ಜನ ತಾವು ಮಾಡಿದ ಟೆಲಿಸ್ಕೋಪುಗಳನ್ನು ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ಬರುತ್ತಿದ್ದರು. ಕಂಡಕ್ಟರುಗಳು ಅವನ್ನು ಬೋರ್‌ವೆಲ್ ಪೈಪು ಎಂದುಕೊಂಡು ಲಗೇಜು ಹಾಕುತ್ತಿದ್ದರು.

ಸಂಜೆ ಆಕಾಶ ನೋಡುವ ಮೊದಲು ಮಧ್ಯಾಹ್ನ ಒಂದು ಕಾರ್ಯಕ್ರಮವಿತ್ತು, ಬಳಗದ ಮಟ್ಟಿಗೆ ಅದೇ ನಿಜವಾದ ಪೂಜೆ. ಏಳನೇ ಕ್ಲಾಸಿನ ಕೋಣೆಯ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಒಳಗೆ ಕತ್ತಲೆ ಮಾಡುತ್ತಿದ್ದರು. ಒಂದು ತುದಿಯಲ್ಲಿ ಆ ವರ್ಷ ತಿಕ್ಕಿದ ಕನ್ನಡಿಯನ್ನು ನಿಲ್ಲಿಸುವುದು. ಇನ್ನೊಂದು ತುದಿಯಲ್ಲಿ ಸೂಜಿ ತೂತಿನಷ್ಟು ದೀಪ, ಅದರ ಪಕ್ಕ ಗಡ್ಡ ಕೆರೆಯುವ ಬ್ಲೇಡು, ಬ್ಲೇಡಿನ ಹಿಂದೆ ಕಾಟಪ್ಪನ ಕಣ್ಣು. ಕನ್ನಡಿಯಿಂದ ವಾಪಸು ಬರುವ ಬೆಳಕನ್ನು ಬ್ಲೇಡು ಕೂದಲೆಳೆಯಷ್ಟು ಕೊಯ್ದರೆ ಕನ್ನಡಿಯ ಮೇಲೆ ಒಂದು ನೆರಳು ಬೀಳುತ್ತದೆ. ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂಬುದೆಲ್ಲ ಆ ನೆರಳಿನಲ್ಲಿರುತ್ತದೆ. ಅದನ್ನು ಓದುವ ವಿದ್ಯೆ ಕಾಟಪ್ಪನಿಗೆ ಮಾತ್ರ ಬರುತ್ತಿತ್ತು. ಆತ ಹೆಬ್ಬೆಟ್ಟು ಎತ್ತಿದರೆ ಪಾಸು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಎತ್ತದಿದ್ದರೆ ಕನ್ನಡಿಯನ್ನು ಟವಲಿಗೆ ಸುತ್ತಿಕೊಂಡು ಮನೆಗೆ ಹೋಗಿ ಮತ್ತೆ ತಿಕ್ಕಬೇಕು. ಬಳಗದಲ್ಲಿ ಎರಡು ಸಲ ಫೇಲಾಗದವನು ಇರಲಿಲ್ಲ.

ಜಂಪಣ್ಣ ಎಂಟಿಂಚು ಅಗಲದ ಎರಡು ದಪ್ಪ ಗಾಜು ತರಿಸಿದ. ಅಂಗಳದಲ್ಲಿ ಡಾಂಬರಿನ ಖಾಲಿ ಡ್ರಮ್ಮಿಗೆ ಕಲ್ಲು ತುಂಬಿ ನಿಲ್ಲಿಸಿ, ಅದರ ಮೇಲೆ ಒಂದರ ಮೇಲೊಂದು ಗಾಜಿಟ್ಟು, ಸುತ್ತ ಸುತ್ತುತ್ತ ತಿಕ್ಕತೊಡಗಿದ. ಒಂದು ಕಡೆಗೇ ತಗ್ಗು ಬೀಳಬಾರದಲ್ಲ, ಅದಕ್ಕೆ ಸುತ್ತಲೇಬೇಕು. ಆ ವರ್ಷ ಆತ ಸುತ್ತಿದ ದಾರಿಯನ್ನು ನೇರ ಮಾಡಿ ಹಾಸಿದ್ದರೆ ಕಾಶಿಗೆ ಹೋಗಿ, ಮುಳುಗು ಹಾಕಿ, ಬರುವಾಗ ತಿರುಪತಿಯನ್ನೂ ಮುಗಿಸಿಕೊಂಡು ಬರಬಹುದಿತ್ತು.

“ಜಂಪಣ್ಣ ಗಾಣ ಹೂಡ್ಯಾನೆ, ಎಣ್ಣೆ ಮಾತ್ರ ಬರ್ತಿಲ್ಲ,” ಎಂದು ಬೀದಿಯವರು ನಕ್ಕರು.

ಹೆಂಡತಿ ಏಕಾಂತಮ್ಮ ನಗಲಿಲ್ಲ. “ಇಷ್ಟು ಹೊತ್ತು ಬೀಸೋ ಕಲ್ಲಿನ ಮುಂದೆ ಕುಂತಿದ್ರೆ ಊರಿಗೆಲ್ಲ ರಾಗಿ ಹಿಟ್ಟಾಗ್ತಿತ್ತು,” ಎಂದಳು. ಹಾಗೆಂದು ನೀರು ಮಾತ್ರ ತಪ್ಪದೆ ಚಿಮುಕಿಸುತ್ತಿದ್ದಳು.

ಒರಟು ಪುಡಿ ಮುಗಿದ ಮೇಲೆ ನಯ ಪುಡಿ, ಅದು ಮುಗಿದ ಮೇಲೆ ರಾಳ. ಕರಗಿಸಿದ ರಾಳದ ಹಲಗೆಯ ಮೇಲೆ ಗಾಜನ್ನು ಉಜ್ಜಿ ಉಜ್ಜಿ ಹೊಳಪು ತರಬೇಕು. ಜಂಪಣ್ಣ ಡ್ಯೂಟಿ ಮುಗಿಸಿ ಬಂದು ಮಧ್ಯಾಹ್ನದ ಹೊತ್ತು ಉಜ್ಜುತ್ತಿದ್ದ. ಧರ್ಮಪುರದ ಮಧ್ಯಾಹ್ನ ಎಂದರೆ ಕಾಗೆ ತನ್ನ ನೆರಳಿನಲ್ಲಿ ತಾನೇ ಕೂರಲು ನೋಡುವ ಹೊತ್ತು. ಗಾಜು ನೀರಿನ ಹಾಗೆ ಹೊಳೆಯಿತು, ಮೇಲೆ ಬೆಳ್ಳಿಯಂಥ ಲೇಪ ಕೊಡಿಸಿದ ಮೇಲೆ ಕನ್ನಡಿಯಾಯಿತು.

ಎಂಬತ್ತೆಂಟರ ಶಿವರಾತ್ರಿಗೆ ಆ ಕನ್ನಡಿ ಪರೀಕ್ಷೆಗೆ ನಿಂತಿತು. ಕಾಟಪ್ಪ ಬ್ಲೇಡಿನ ಹಿಂದೆ ಕಣ್ಣಿಟ್ಟವನು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಮೇಷ್ಟ್ರನ್ನು ಕರೆದ. ಮೇಷ್ಟ್ರೂ ನೋಡಿದರು. ಇಬ್ಬರೂ ತಲೆಗೆ ತಲೆ ಹಚ್ಚಿ ಏನೋ ಪಿಸುಗುಟ್ಟಿದರು. ಬಾಗಿಲಲ್ಲಿ ನಿಂತಿದ್ದ ಜಂಪಣ್ಣನಿಗೆ, ತನ್ನ ಕನ್ನಡಿ ಇಬ್ಬರು ಸೇರಿ ನೋಡುವಷ್ಟು ಚೆನ್ನಾಗಿದೆಯಲ್ಲ ಎಂದು ಮೈಯೆಲ್ಲ ಜುಮ್ಮೆಂದಿತು. ಕೊನೆಗೆ ಕಾಟಪ್ಪ ಹೆಬ್ಬೆಟ್ಟು ಎತ್ತಿದ. ಮೊದಲನೇ ಸಲವೇ ಪಾಸು! ಚಪ್ಪಾಳೆಗೆ ಹೊರಗಿನ ಬೇವಿನ ಮರದ ಗುಬ್ಬಿಗಳು ಎದ್ದು ಪಾವಗಡದ ಕಡೆ ಹೋದವು.

“ಇರು, ಇದಕ್ಕೊಂದು ಪಟ್ಟಿ ಕಟ್ತೀನಿ,” ಎಂದ ಕಾಟಪ್ಪ. “ಒಳ್ಳೆ ಕನ್ನಡಿ. ಅಂಚಿಗೆ ಪೆಟ್ಟು ಬೀಳಬಾರದು.”

ಕಪ್ಪು ರಟ್ಟನ್ನು ಬಳೆಯ ಹಾಗೆ ಕೊಯ್ದು ಕನ್ನಡಿಯ ಅಂಚಿನ ಮೇಲೆ ಸುತ್ತ ಕೂರಿಸಿದ. ಬಳಗದ ಬೇರೆ ಯಾವ ಕನ್ನಡಿಗೂ ಅಂಥ ಪಟ್ಟಿ ಇರಲಿಲ್ಲ. ಜಂಪಣ್ಣನ ಕಣ್ಣಿಗೆ ಅದು ಸನ್ಮಾನದ ಪೇಟದ ಹಾಗೆ ಕಂಡಿತು.

ಟೆಲಿಸ್ಕೋಪು ನಿಂತಿತು. ಆತ ಊರಿಗೆಲ್ಲ ಶನಿಯ ಬಳೆ ತೋರಿಸಿದ. “ಊರೋರೆಲ್ಲ ಶನಿ ಬಿಟ್ಟೋಗ್ಲಿ ಅಂತ ಎಳ್ಳೆಣ್ಣೆ ಸುರೀತಾರೆ, ನಮ್ಮೋನು ಕರೆದು ಅಂಗಳದಾಗೆ ಕೂರಿಸ್ಯಾನೆ,” ಎಂದು ಏಕಾಂತಮ್ಮ ಹಣೆ ಚಚ್ಚಿಕೊಂಡಳು. ಚಿತ್ರ ಚೊಕ್ಕಟವಾಗಿತ್ತು, ಕೊಂಚ ಮಂಕು, ಅಷ್ಟೆ.

ಅಲ್ಲಿಂದ ಮುಂದೆ ಪ್ರತಿ ಶಿವರಾತ್ರಿಗೂ ಹೊಸಬರು ಬಂದಾಗ ಜಂಪಣ್ಣನ ಭಾಷಣ ಒಂದು ಇದ್ದೇ ಇರುತ್ತಿತ್ತು. “ನೋಡ್ರಪ್ಪ, ಕನ್ನಡಿ ತಿಕ್ಕೋದೇನು, ಯಾರು ಬೇಕಾದ್ರೂ ತಿಕ್ಕಬೋದು. ಪಟ್ಟಿ ಕಟ್ಟಿಸ್ಕಳ್ಳೋ ಯೋಗ್ಯತೆ ಬರಬೇಕು. ಈ ಬಳಗದಾಗೆ ಪಟ್ಟಿ ಇರೋ ಕನ್ನಡಿ ಒಂದೇ ಒಂದು. ಬರ್ರಿ, ನೋಡ್ರಿ.”

ಆ ಹೊತ್ತಿಗೆ ಸರಿಯಾಗಿ ಬಳಗದ ಹಳಬರಿಗೆಲ್ಲ ಒಟ್ಟಿಗೆ ಕೆಮ್ಮು ಬರುತ್ತಿತ್ತು. ಕೆಲವರು ಕೆಮ್ಮುತ್ತ ಹೊರಗೇ ಓಡಿಬಿಡುತ್ತಿದ್ದರು. ನಮ್ಮೂರಿನ ಧೂಳು ಇವರಿಗೆ ಆಗಿಬರುವುದಿಲ್ಲ ಎಂದು ಜಂಪಣ್ಣ ಪ್ರತಿ ವರ್ಷ ಎಲ್ಲರಿಗೂ ಬಿಸಿನೀರು ಕಾಯಿಸಿ ತರಿಸುತ್ತಿದ್ದ. ಬೇರೆಯವರ ಕನ್ನಡಿ ಪರೀಕ್ಷೆ ನಡೆಯುವಾಗ ಮಾತ್ರ ಆತ ಕೋಣೆಯಲ್ಲಿ ಇರುತ್ತಿರಲಿಲ್ಲ. ಆ ಹೊತ್ತಿಗೆ ಮೇಷ್ಟ್ರು ತಪ್ಪದೆ ಒಂದು ಕೆಲಸ ಹೇಳುತ್ತಿದ್ದರು; “ಜಂಪಣ್ಣ, ಟ್ರಾನ್ಸ್‌ಫಾರ್ಮರ್ ಕಡೆ ಒಂದ್ಸಲ ನೋಡ್ಕಂಡು ಬಾರಪ್ಪ, ನೀನಿಲ್ದೆ ಆಗಲ್ಲ.” ನೀನಿಲ್ಲದೆ ಆಗಲ್ಲ ಎಂಬ ಮಾತಿಗೆ ಆತ ಬಿಸಿಲಲ್ಲಿ ಎರಡು ಹರದಾರಿ ನಡೆಯುತ್ತಿದ್ದ.

ಸಂಜೆ ಕತ್ತಲಾಗುತ್ತಲೇ ಹ್ಯಾಂಡಲ್ ಎಳೆಯುತ್ತಿದ್ದ. ಗುಡಿಯಲ್ಲಿ ಭಜನೆಯ ಮೈಕು ಅರ್ಧ ಪದಕ್ಕೇ ನಿಲ್ಲುತ್ತಿತ್ತು. “ಏನಾಯ್ತಲೇ ಜಂಪ?” ಎಂದು ಊರವರು ಬಂದರೆ, “ತಂತಿಗೆ ಬಾವಲಿ ಸಿಕ್ಕಾಕ್ಕಂಡೈತೆ, ಬಿಡಿಸ್ಬೇಕು,” ಎನ್ನುತ್ತಿದ್ದ. ಹೀಗೆ ಆತ ಶಿವರಾತ್ರಿಗಳಲ್ಲಿ ಕೊಂದ ಬಾವಲಿಗಳ ಲೆಕ್ಕ ಹಿಡಿದರೆ ಹಿರಿಯೂರು ತಾಲ್ಲೂಕಿನಲ್ಲಿ ಬಾವಲಿಯ ಸಂತಾನವೇ ಉಳಿಯಬಾರದಿತ್ತು. ಊರವರು ಬಾಯಿಗೆ ಬಂದ ಹಾಗೆ ಬೈದರು. ಆಫೀಸಿನಿಂದ ಮೆಮೊ ಬಂತು. ಜಂಪಣ್ಣ ಎರಡನ್ನೂ ಮಡಿಚಿ ಜೇಬಿಗಿಟ್ಟುಕೊಂಡ. ಬಯಲಿನಲ್ಲಿ ಅಷ್ಟೊಂದು ಜನ ತಲೆಯೆತ್ತಿ ನೋಡುತ್ತ “ಆಹಾ” ಎನ್ನುವುದು ಕೇಳಿದರೆ, ನಕ್ಷತ್ರಗಳನ್ನೆಲ್ಲ ತಾನೇ ಏಣಿ ಹಾಕಿ ಒಂದೊಂದಾಗಿ ಕಟ್ಟಿಬಂದ ಹಾಗೆ ಆತನಿಗೆ ಅನ್ನಿಸುತ್ತಿತ್ತು.

ಒಂದು ಶಿವರಾತ್ರಿ ಹ್ಯಾಂಡಲ್ ಕಚ್ಚಿಕೊಂಡು ಬರಲಿಲ್ಲ. ಮಬ್ಬುಗತ್ತಲೆಯಲ್ಲಿ ಕಂಬ ಹತ್ತಿ ಫ್ಯೂಸ್ ಕಿತ್ತ. ಇಳಿಯುವಾಗ ಜಾರಿ ಬಲಹೆಗಲ ಮೇಲೆ ಬಿದ್ದ. ಬಳಗದವರು ಹಿರಿಯೂರಿನ ಆಸ್ಪತ್ರೆಗೆ ಬಾಳೆಹಣ್ಣು ತಂದರು. “ಕತ್ಲೆ ಬಹಳ ಚೆನ್ನಾಗಿತ್ತು ಜಂಪಣ್ಣ,” ಎಂದು ಮೇಷ್ಟ್ರು ಹೊಗಳಿದರು. ಆ ಕೈ ಅಲ್ಲಿಂದ ಮುಂದೆ ಭುಜಕ್ಕಿಂತ ಮೇಲೆ ಏಳಲಿಲ್ಲ. ಆತನಿಗೆ ಅದರ ದುಃಖವಿರಲಿಲ್ಲ. ಕನ್ನಡಿ ತಿಕ್ಕಿ ಮುಗಿದಿತ್ತಲ್ಲ.

ಎರಡು ಸಾವಿರದ ಐದರಲ್ಲಿ ಜಂಪಣ್ಣ ರಿಟೈರಾದ. ಮುಂದಿನ ಶಿವರಾತ್ರಿಗೆ ಬಳಗ ಎಂದಿನಂತೆ ಸ್ಕೂಲಿನಲ್ಲಿ ಸೇರಿತು. ಹೊಸ ಲೈನ್‌ಮನ್ ಬಂದು, “ಸಾಹೇಬ್ರು ಒಪ್ಪಲ್ಲ ಸಾರ್, ಕರೆಂಟ್ ತೆಗೆಯೋಂಗಿಲ್ಲ,” ಎಂದು ಹೇಳಿ ಹೊರಟುಹೋದ. ಮೇಷ್ಟ್ರ ಮುಖ ಸಪ್ಪಗಾಯಿತು. ಮುಂದಿನ ವರ್ಷದಿಂದ ಹೊಸದುರ್ಗದ ಕಡೆ ಶ್ರೀರಾಂಪುರದ ಹತ್ತಿರ ಒಂದು ಬಯಲಿದೆ, ಅಲ್ಲಿ ದೀಪಗಳೇ ಇಲ್ಲ, ಅಲ್ಲಿಗೆ ಹೋಗಾಣ ಎಂದು ಮಾತಾಯಿತು. ಪ್ರತಿ ವರ್ಷ ಮೊದಲ ಲೋಟ ಟೀ ಜಂಪಣ್ಣನಿಗೆ ಬರುತ್ತಿತ್ತು. ಆವತ್ತು ಎಲ್ಲರದ್ದೂ ಆದಮೇಲೆ, ಕೆನೆಗಟ್ಟಿಕೊಂಡು ಬಂತು.

ಆ ವರ್ಷ ಬಳಗಕ್ಕೆ ಹೊಸದಾಗಿ ಸೇರಿದ್ದವರು ಗಂಗಕ್ಕ ಎಂಬ ಹೊಳಲ್ಕೆರೆಯ ಹೈಸ್ಕೂಲ್ ಟೀಚರು. ವಿಜ್ಞಾನ ಹೇಳುತ್ತಿದ್ದರು, ಒಂದು ಪುಟ್ಟ ಕನ್ನಡಿಯನ್ನೂ ತಿಕ್ಕಿದ್ದರು. ಜಂಪಣ್ಣನ ಭಾಷಣ ಮುಗಿಯುವವರೆಗೆ ಮರ್ಯಾದೆಯಿಂದ ನಿಂತು ಕೇಳಿ, ಆಮೇಲೆ ಕೊಳವೆಯೊಳಗೆ ಬಗ್ಗಿ ನೋಡಿದರು.

“ಅಣ್ಣಾರೆ, ಇದು ಎಷ್ಟಿಂಚಿನ ಕನ್ನಡಿ?”

“ಎಂಟು ಕಣಮ್ಮ.”

“ಪಟ್ಟಿ ಒಳಗೆ ಆರೂವರೆ ಇಂಚು ಅಷ್ಟೇ ಕಾಣ್ತೈತಲ್ಲ. ಅಂಚು ಬಿದ್ದೈತಾ?”

ಜಂಪಣ್ಣ ಜೋರಾಗಿ ನಕ್ಕ. “ನಾನು ಬಿದ್ದಿದ್ದು ಗೊತ್ತು, ಅಂಚು ಎಲ್ಲಿಂದ ಬೀಳ್ತೈತಮ್ಮ?”

“ಹಂಗಲ್ಲ ಅಣ್ಣಾರೆ. ರಾಳದ ಮೇಲೆ ಉಜ್ಜುವಾಗ ಸುತ್ತಲಿನ ಅಂಚು ಜಾಸ್ತಿ ಸವೆದು ಇಳಿಜಾರಾಗಿಬಿಡ್ತೈತೆ. ಅಲ್ಲಿ ಬಿದ್ದ ಬೆಳಕು ಅಡ್ಡಾದಿಡ್ಡಿ ಹೋಗಿ ಚಿತ್ರ ಕಲಸ್ತೈತೆ. ಸರಿಯಾಗಿ ತಿಕ್ಕೋಕೆ ಆಗದೋರು ಅಂಚನ್ನ ರಟ್ಟಿಂದ ಮುಚ್ಚಿಬಿಡ್ತಾರೆ. ನನ್ನ ಮೊದಲ್ನೇ ಕನ್ನಡೀನೂ ಹಂಗೇ ಆಗಿತ್ತು.”

ಆ ವರ್ಷ ಯಾರಿಗೂ ಕೆಮ್ಮು ಬರಲಿಲ್ಲ.

ಜಂಪಣ್ಣ ಒಬ್ಬೊಬ್ಬರ ಮುಖ ನೋಡುತ್ತ ಬಂದ. ಎಲ್ಲರೂ ತಂತಮ್ಮ ಚಪ್ಪಲಿಗಳನ್ನು ಮೊದಲ ಸಲ ಕಂಡವರ ಹಾಗೆ ನೋಡುತ್ತಿದ್ದರು. ಆತನ ನಗು ಬಾಯಲ್ಲೇ ಉಳಿದುಕೊಂಡಿತ್ತು, ತೆಗೆಯುವುದು ಮರೆತುಹೋಗಿತ್ತು.

“ಕಾಟಣ್ಣ, ಟೀಚರಮ್ಮ ಏನೋ ಕೇಳ್ತೈತೆ. ಹೇಳು.”

“ಬಿಡೋ ಮಾರಾಯ. ಈಗ್ಯಾಕೆ ಅದು.”

“ಪಟ್ಟಿ ಬಿಚ್ಚು. ಬ್ಲೇಡು ಹಿಡಿ. ಎಲ್ಲರ ಮುಂದೆ ನೋಡು.”

ಕಾಟಪ್ಪ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಕಂಬಳಿ ಕಟ್ಟಿದ ಕಿಟಕಿಯಲ್ಲಿ ಏನೋ ಕಾಣುತ್ತಿದೆ ಎಂಬಂತೆ ಅತ್ತ ತಿರುಗಿದರು. ಬೇರೆ ದಾರಿಯಿಲ್ಲದೆ ಕನ್ನಡಿ ಹೊರಗೆ ಬಂತು. ಇಷ್ಟು ವರ್ಷದ ಮೇಲೆ ಪಟ್ಟಿ ಬಿಚ್ಚಿತು. ಕಾಟಪ್ಪ ಕನ್ನಡಕ ಒರೆಸಿ ಹಾಕಿಕೊಂಡು ಬ್ಲೇಡಿನ ಹಿಂದೆ ಕುಳಿತ.

“ಬಿದ್ದೈತೆ,” ಎಂದ.

“ಯಾವಾಗಿಂದ?”

“ಮೊದಲಿಂದ. ಮಧ್ಯಾಹ್ನದ ಬಿಸಿಲಾಗೆ ಉಜ್ಜಿದೀಯ ನೀನು. ರಾಳ ಮೆತ್ತಗಾಗಿ ಅಂಚನ್ನ ತಿಂದುಬಿಟ್ಟೈತೆ. ಬೆಳಗ್ಗೆ ತಂಪಿನಾಗೆ ಉಜ್ಜಬೇಕಿತ್ತು.”

“ಮತ್ತೆ ಹೆಬ್ಬೆಟ್ಟು ಎತ್ತಿದೆಯಲ್ಲಲೇ!”

ಕಾಟಪ್ಪ ಬ್ಲೇಡನ್ನು ಕಾಗದದಲ್ಲಿ ಸುತ್ತತೊಡಗಿದ. ಮೇಷ್ಟ್ರು ಹತ್ತಿರ ಬಂದು ಜಂಪಣ್ಣನ ಬೆನ್ನ ಮೇಲೆ ಕೈಯಿಟ್ಟರು. “ಸಿಟ್ಟಾಗಬೇಡ ಜಂಪಣ್ಣ. ಆವತ್ತು ದುರ್ಗದಿಂದ ಅಷ್ಟು ಜನ ಬಂದಿದ್ರು. ಸಂಜೆ ದೀಪ ಆರಬೇಕಿತ್ತು. ಫೇಲ್ ಅಂದ್ರೆ ನೀನು ಮುನಿಸ್ಕಂಡು ಹೊರಟುಬಿಟ್ರೆ ಅಂತ…”

“ಮುಂದಿನ ವರ್ಷ ಹೇಳಬೋದಿತ್ತಲ್ರೀ ಮೇಷ್ಟ್ರೆ.”

“ಮುಂದಿನ ವರ್ಷಾನೂ ಕತ್ಲೆ ಬೇಕಿತ್ತಲ್ಲೋ,” ಎಂದ ಕಾಟಪ್ಪ. ಆ ದಿನ ಕೋಣೆಯಲ್ಲಿ ಆಡಿದ ಮಾತುಗಳಲ್ಲಿ ಅದೊಂದು ನೆಟ್ಟಗಿತ್ತು.

“ಕೇಳಿದ್ರೆ ಕೊಡ್ತಿದ್ನಲ್ಲ,” ಎಂದ ಜಂಪಣ್ಣ. “ಫೇಲ್ ಅಂದಿದ್ರೂ ಕೊಡ್ತಿದ್ದೆ. ಕತ್ಲೆ ಏನು ನಮ್ಮಪ್ಪನ ಮನೇದಾ? ಎಲ್ಲಾರೂ ಫೇಲಾಗಿದೀರಿ, ಯಾರು ಮುನಿಸ್ಕಂಡು ಹೋದ್ರಿ? ನಾನೊಬ್ನೇ ಹೋಗ್ತೀನಿ ಅಂತ ಹೆಂಗೆ ಅನ್ಕಂಡ್ರಿ?”

ಬಿಚ್ಚಿದ ಪಟ್ಟಿಯನ್ನು ಎತ್ತಿ ಕಾಟಪ್ಪನ ಮುಂದಿಟ್ಟ.

“ಸರಿ ಮಾಡೋಕೆ ಎಷ್ಟು ದಿನ ಹಿಡೀತಿತ್ತು?”

“ಒಂದು ತಿಂಗಳು,” ಎಂದ ಕಾಟಪ್ಪ. “ಆಗಿನ ನಿನ್ನ ಕೈಗೆ.”

ಜಂಪಣ್ಣ ಕನ್ನಡಿಯನ್ನು ಟವಲಿಗೆ ಸುತ್ತಿಕೊಂಡ. ಫೇಲಾದವರು ಸುತ್ತಿಕೊಂಡು ಹೋಗುವ ಕ್ರಮವೇ ಅದು.

ಮನೆಗೆ ಹೋದವನು ಎರಡು ದಿನ ಮಾತಾಡಲಿಲ್ಲ. ಆತ ಎರಡು ದಿನ ಸುಮ್ಮನಿದ್ದಾನೆಂದರೆ ಧರ್ಮಪುರದ ನಾಯಿಗಳೂ ಗಾಬರಿಯಾಗುವ ಸಂಗತಿ. ಮೂರನೆಯ ದಿನ ಕಾಸ್ಟಿಕ್ ಸೋಡ ತಂದು ಕನ್ನಡಿಯ ಮೇಲಿನ ಬೆಳ್ಳಿಯಂಥ ಲೇಪವನ್ನು ತೊಳೆದುಹಾಕಿದ. ಡ್ರಮ್ಮಿಗೆ ಮತ್ತೆ ಕಲ್ಲು ತುಂಬಿದ.

“ಕೈ ಏಳಲ್ಲ, ಏನು ತಿಕ್ತೀಯ?” ಎಂದಳು ಏಕಾಂತಮ್ಮ.

“ಏಳೋದು ಬೇಡ. ತಿಕ್ಕೋಕೆ ಮುಂದಕ್ಕೆ ಹಿಂದಕ್ಕೆ ಹೋದ್ರೆ ಸಾಕು.”

ಅದೂ ಹೋಗುತ್ತಿರಲಿಲ್ಲ. ಬೆಳಗಿನ ತಂಪಿನಲ್ಲಿ ನಾಲ್ಕು ಸುತ್ತು ಬರುವಷ್ಟರಲ್ಲಿ ಹೆಗಲಿನೊಳಗೆ ಯಾರೋ ಗರಗಸ ಎಳೆದ ಹಾಗಾಗುತ್ತಿತ್ತು. ಐದನೆಯ ಸುತ್ತಿಗೆ ಏಕಾಂತಮ್ಮ ಬೈದುಕೊಳ್ಳುತ್ತಲೇ ಬಂದು ಗಾಜಿನ ಮೇಲೆ ತನ್ನ ಕೈಯನ್ನೂ ಇಡುತ್ತಿದ್ದಳು. “ಎಂಥಾ ಸ್ನೇಹಿತರಪ್ಪ ನಿನ್ನೋರು. ನಮ್ಮ ಹಟ್ಟಿಯೋರಾದ್ರೂ ಮುಖದ ಮೇಲೆ ಬೈಯ್ತಾರೆ,” ಎನ್ನುತ್ತಿದ್ದಳು. ಮುದುಕ ಮುದುಕಿ ಒಂದು ಗಾಜು ಹಿಡಿದು ಡ್ರಮ್ಮು ಸುತ್ತುವುದನ್ನು ನೋಡಿ ಬೀದಿಯವರು ಈ ಸಲ ನಗಲಿಲ್ಲ. ಯಾವುದೋ ಹರಕೆ ಇರಬೇಕೆಂದುಕೊಂಡರು.

ಮುಂದಿನ ಶಿವರಾತ್ರಿಗೆ ಕನ್ನಡಿಯನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಹಿರಿಯೂರಿಗೆ ಒಂದು ಬಸ್ಸು, ಹೊಸದುರ್ಗಕ್ಕೆ ಒಂದು, ಅಲ್ಲಿಂದ ಶ್ರೀರಾಂಪುರಕ್ಕೆ ಇನ್ನೊಂದು ಹತ್ತಿ ಹೋದ. ಬಳಗದವರು ಎದ್ದು ನಿಂತು ಬರಮಾಡಿಕೊಂಡರು. “ಬರ್ರಿ ಜಂಪಣ್ಣಾರೆ, ಕುಂತ್ಕಳ್ರಿ,” ಎಂದರು. ಬಹುವಚನ ಹೊಸದಾಗಿತ್ತು. ಮೊದಲ ಲೋಟ ಟೀ ಆತನಿಗೇ ಬಂತು. ಆತ ಅದನ್ನು ಮುಟ್ಟಲಿಲ್ಲ.

“ಮೊದಲು ನೋಡ್ರಿ.”

ಬಯಲಿನ ಪಕ್ಕದ ಸ್ಕೂಲಿನ ಕೋಣೆ ಕತ್ತಲಾಯಿತು. ಕನ್ನಡಿ ನಿಂತಿತು. ಕಾಟಪ್ಪ ಬಗ್ಗಿದ, ಎದ್ದ, ಹೆಬ್ಬೆಟ್ಟು ಎತ್ತಿದ. ಇಷ್ಟಕ್ಕೂ ಹಿಡಿದದ್ದು ಒಂದು ಸೀನು ಸೀನುವಷ್ಟು ಹೊತ್ತು. ಚಪ್ಪಾಳೆಯೋ ಚಪ್ಪಾಳೆ. ಎಂಬತ್ತೆಂಟರಲ್ಲೂ ಅಷ್ಟು ಜೋರಾಗಿ ತಟ್ಟಿರಲಿಲ್ಲ.

“ಸರಿಯಾಗಿ ನೋಡು ಕಾಟಣ್ಣ.”

“ನೋಡಿದೆ ಕಣೋ. ಫಸ್ಟ್ ಕ್ಲಾಸಾಗೈತೆ.”

“ಕನ್ನಡಕ ಜೇಬಿನಾಗೇ ಐತಲ್ಲಲೇ.”

ಕಾಟಪ್ಪನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಮೇಷ್ಟ್ರು ನಡುವೆ ಬಾಯಿ ಹಾಕಿದರು. “ಈ ವಯಸ್ಸಿನಾಗೆ ಇಷ್ಟು ಮಾಡಿದೀಯಲ್ಲಪ್ಪ, ಅದೇ ದೊಡ್ಡದು. ಖುಷಿಯಾಗಿರು.”

ಜಂಪಣ್ಣ ಬ್ಲೇಡಿನ ಹಿಂದೆ ತಾನೇ ಕುಳಿತು ನೋಡಿದ. ಕಣ್ಣಿಗೆ ಪೊರೆ ಬಂದಿತ್ತು. ಕನ್ನಡಿ ಹಾಲಿನ ತಟ್ಟೆಯ ಹಾಗೆ ಕಂಡಿತು. ನೆರಳು ಕನ್ನಡಿಯದೋ ಕಣ್ಣಿನದೋ ತಿಳಿಯಲಿಲ್ಲ. ನಿಜಕ್ಕೂ ಪಾಸಾಗಿದ್ದರೂ ಆಗಿರಬಹುದು. ಆದರೆ ಈ ಕೋಣೆಯಲ್ಲಿ ಯಾರು ಹೌದೆಂದರೂ ತಾನು ನಂಬುವ ಹಾಗಿಲ್ಲವಲ್ಲ ಎಂದು ಆತನಿಗೆ ಹೊಳೆಯಿತು. ಸುತ್ತ ನೋಡಿದ.

“ಆ ಟೀಚರಮ್ಮ ಎಲ್ಲಿ? ಹೊಳಲ್ಕೆರೆಯೋರು?”

“ಅವರಿಗೆ ಬರಬೇಡ್ರಿ ಅಂತ ಹೇಳಿದ್ವಪ್ಪ,” ಎಂದರು ಮೇಷ್ಟ್ರು. “ಹೋದ ವರ್ಷ ನಿನ್ನ ಮನಸ್ಸು ಎಷ್ಟು ನೋಯಿಸಿಬಿಟ್ರು. ಹಿರಿಯರ ಹತ್ರ ಹೆಂಗಿರಬೇಕು ಅನ್ನೋದು ಗೊತ್ತಿಲ್ಲ.”

ಜಂಪಣ್ಣ ಟವಲು ಹಾಸಿದ. ಕನ್ನಡಿಯನ್ನು ಸುತ್ತಿಕೊಂಡು ಹೊರಗೆ ಬಂದ. ಶ್ರೀರಾಂಪುರದ ಬಯಲಿನಲ್ಲಿ ಒಂದು ದೀಪವೂ ಇರಲಿಲ್ಲ. ಅಲ್ಲಿ ಕತ್ತಲೆ ಪುಗಸಟ್ಟೆ ಸಿಗುತ್ತಿತ್ತು. ಕತ್ತಲೆಯಾಗುವುದಕ್ಕೆ ಮುಂಚಿನ ಬಸ್ಸಿಗೇ ಆತ ಹೊರಟುಬಿಟ್ಟ.

ಒಂದು ದಿನ ಬಿಟ್ಟು ಹೊಳಲ್ಕೆರೆಯ ಹೈಸ್ಕೂಲಿಗೆ ಹೋದ. ಗಂಗಕ್ಕ ಆತನನ್ನು ಕಂಡು ಗಾಬರಿಯಾದರು. “ಅಣ್ಣಾರೆ, ಹೋದ ವರ್ಷ ನಾನು ಗೊತ್ತಿಲ್ದೆ…”

“ಅದಿರ್ಲಿ ತಾಯಿ. ಬ್ಲೇಡು ದೀಪ ಇಟ್ಕಂಡಿದೀಯಾ?”

ಬಳಗದ ಬಾಗಿಲು ತಮಗೆ ಮುಚ್ಚಿದ ಮೇಲೆ ಅವರು ಸ್ಕೂಲಿನ ವಿಜ್ಞಾನದ ಕೋಣೆಯಲ್ಲೇ ಎಲ್ಲ ಜೋಡಿಸಿಕೊಂಡು, ನೆರಳು ಓದುವುದನ್ನು ತಾವೇ ಕಲಿತಿದ್ದರು. ಕಿಟಕಿಗೆ ಬೆಂಚು ಅಡ್ಡ ಇಟ್ಟು, ಪರದೆ ಎಳೆದು, ಕನ್ನಡಿ ನಿಲ್ಲಿಸಿದರು. ನೋಡಿದರು. ಕನ್ನಡಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ನೋಡಿದರು. ಪಕ್ಕದ ಕ್ಲಾಸಿನಲ್ಲಿ ಒಂದು ಪಾಠ ಮುಗಿದು ಇನ್ನೊಂದು ಶುರುವಾಯಿತು. ಅಷ್ಟು ಹೊತ್ತು ತನ್ನ ಕನ್ನಡಿಯನ್ನು ಯಾರೂ ನೋಡಿರಲಿಲ್ಲ ಎಂದುಕೊಂಡು ಜಂಪಣ್ಣ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಿಚಿ ಕುಳಿತಿದ್ದ.

“ಅಣ್ಣಾರೆ,” ಎಂದರು ಗಂಗಕ್ಕ. ಆಮೇಲೆ ದೀಪ ಆರಿಸಿದರು.

“ಹೇಳಮ್ಮ. ನೀನೂ ಹೆಬ್ಬೆಟ್ಟು ಎತ್ತಬೇಡ.”

“ಇನ್ನೂ ಐತೆ. ಮೊದಲಿನಷ್ಟಿಲ್ಲ. ಆದ್ರೆ ಐತೆ.”

ಜಂಪಣ್ಣ ತಲೆಯಾಡಿಸಿದ. ಮೊದಲ ಸಲದ ಸುಳ್ಳಿಗೆ ಬಳಗದವರಿಗೊಂದು ಹೋಬಳಿಯಷ್ಟು ಕತ್ತಲೆ ಸಿಕ್ಕಿತ್ತು. ಈ ಸಲದ ಸುಳ್ಳಿಗೆ ತನ್ನಿಂದ ಏನೂ ಬೇಕಾಗಿರಲಿಲ್ಲ, ಭಿಕ್ಷೆಗೆ ಹಾಕಿದ ಹಾಗೆ ಹಾಕಿದ್ದರು. ಮೊದಲನೆಯದಕ್ಕಿಂತ ಇದೇ ಹೆಚ್ಚು ಉರಿಯಿತು.

“ಇನ್ನೊಂದು ತಿಂಗಳು ಉಜ್ಜಿದ್ರೆ ಸರಿಹೋಗ್ತೈತೆ ಅಣ್ಣಾರೆ,” ಎಂದರು ಗಂಗಕ್ಕ.

“ಆ ತಿಂಗಳು ಎಂಬತ್ತೆಂಟರಾಗಿತ್ತು ಕಣಮ್ಮ.” ಎಡಗೈಯಿಂದ ಬಲಹೆಗಲನ್ನು ಹಿಡಿದುಕೊಂಡು ಎದ್ದ. “ಇದನ್ನ ಇಲ್ಲೇ ಇಟ್ಕ.”

“ಅಯ್ಯೋ, ಬೇಡ. ಇಷ್ಟು ವರ್ಷದ ಕೆಲಸ…”

“ಇರ್ಲಿ. ಕನ್ನಡಿ ತಿಕ್ಕೋಕೆ ಬಂದ ಮಕ್ಕಳಿಗೆ ಮೊದಲು ಇದನ್ನ ತೋರ್ಸು. ಅಂಚು ಬಿದ್ರೆ ಹಿಂಗಿರ್ತೈತೆ ಅಂತ ಹೇಳು. ಹೆಸರು ಕೇಳಿದ್ರೆ ನನ್ನ ಹೆಸರೂ ಹೇಳು. ನಂಗಂತೂ ಯಾರೂ ತೋರಿಸ್ಲಿಲ್ಲ.”

ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಹಿರಿಯೂರು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ ತಿಳಿದುಕೊಂಡು, ಜಂಪಣ್ಣ ಬಿಸಿಲಿಗೆ ಇಳಿದ.